ನಗರಪಾಲಿಕೆ ಕಟ್ಟಿದ ಸತ್ತವರ ಊರು

ವಿಯೆನ್ನಾದ ಶವಸಂಸ್ಕಾರ ವಸ್ತುಸಂಗ್ರಹಾಲಯದಲ್ಲಿ ಒಂದು ಮರದ ಶವಪೆಟ್ಟಿಗೆ ಇಟ್ಟಿದ್ದಾರೆ. ಮೇಲುನೋಟಕ್ಕೆ ಸಾದಾ ಪೆಟ್ಟಿಗೆ; ಮರ್ಮವೆಲ್ಲ ಇರುವುದು ತಳದಲ್ಲಿ. ಅಲ್ಲಿ ಒಂದೇ ಹಲಗೆಯ ಬದಲು ಕದಗಳಂತೆ ಕೆಳಕ್ಕೆ ತೆರೆದುಕೊಳ್ಳುವ ಎರಡು ಹಲಗೆಗಳಿವೆ. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿ ಚಿಲಕ ಸಡಿಲಿಸಿದರೆ ತಳ ಬಾಯ್ಬಿಡುತ್ತದೆ, ಬಟ್ಟೆಯ ಚೀಲದಲ್ಲಿ ಹೊಲಿದ ಹೆಣ ಕೆಳಗೆ ಬೀಳುತ್ತದೆ. ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಮಣ್ಣು. ಖಾಲಿ ಪೆಟ್ಟಿಗೆ ಮೇಲೆ ಬಂದು ಮುಂದಿನ ಸಾವಿನ ಮನೆಗೆ ಹೊರಡಲು ಸಿದ್ಧ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಹೊರಡಿಸಿದ ಆಜ್ಞೆಯ ಫಲ ಇದು. ಮರವೂ ಉಳಿಯಿತು, ಹೆಣ ಬೇಗ ಕರಗಿ ಜಾಗವೂ ಉಳಿಯಿತು ಎಂಬ ಲೆಕ್ಕ ಅವನದು. ಬದುಕಿದ್ದಾಗ ಎಷ್ಟು ಹಿಂಡಿದರೂ ಸುಮ್ಮನಿದ್ದ ಪ್ರಜೆಗಳು ಹೆಣದ ವಿಷಯಕ್ಕೆ ಬಂದಾಗ ಮಾತ್ರ ಸುಮ್ಮನಿರಲಿಲ್ಲ. ಗಲಾಟೆ ಎಷ್ಟಾಯಿತೆಂದರೆ 1785ರಲ್ಲಿ ಅರಸ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ಅವನ ಇನ್ನೊಂದು ಆಜ್ಞೆ ಮಾತ್ರ ನಿಂತಿತು. ಊರೊಳಗೆ, ಚರ್ಚುಗಳ ಪಕ್ಕದಲ್ಲಿ ಹೂಳುವುದು ಬಂದ್. ಇನ್ನು ಮೇಲೆ ಹೊರಗೋಡೆಯ ಆಚೆಗೇ ಸ್ಮಶಾನ. ಹಾಗೆ ಹುಟ್ಟಿದ್ದು ಸೇಂಟ್ ಮಾರ್ಕ್ಸ್, ವೇರಿಂಗ್, ಮಾಟ್ಜ್‌ಲೈನ್ಸ್‌ಡಾರ್ಫ್, ಹುಂಡ್ಸ್‌ಟುರ್ಮ್, ಶ್ಮೆಲ್ಜ್ ಎಂಬ ಐದು ಸ್ಮಶಾನಗಳು. 1791ರ ಡಿಸೆಂಬರಿನಲ್ಲಿ ಮೊಜಾರ್ಟ್ ಮಣ್ಣಾದದ್ದು ಸೇಂಟ್ ಮಾರ್ಕ್ಸ್‌ನಲ್ಲಿ. ಅವನನ್ನು ಭಿಕಾರಿಯಂತೆ ಗುಂಡಿಗೆ ಎಸೆದರು ಎಂದು ಈಗಲೂ ಕೆಲವರು ಕಣ್ಣೀರು ಹಾಕುತ್ತಾರೆ. ಅಂಥದ್ದೇನೂ ಆಗಿರಲಿಲ್ಲ. ಆ ಕಾಲದ ನಿಯಮದ ಪ್ರಕಾರ ಮಧ್ಯಮವರ್ಗದ ಬಹುಪಾಲು ಜನಕ್ಕೆ ಸಿಗುತ್ತಿದ್ದ ಸಾಮಾನ್ಯ ಸಮಾಧಿಯೇ ಅವನಿಗೂ ಸಿಕ್ಕಿತು. ಮೇಲೆ ಗುರುತಿನ ಕಲ್ಲಿಲ್ಲ, ಕೆಲವು ವರ್ಷ ಕಳೆದರೆ ಅದೇ ಗುಂಡಿ ಇನ್ನೊಬ್ಬರಿಗೆ. ಹಾಗಾಗಿ ಮೊಜಾರ್ಟ್‌ನ ಮೂಳೆ ಎಲ್ಲಿದೆಯೋ ಯಾರಿಗೂ ತಿಳಿಯದು.

ಹತ್ತೊಂಬತ್ತನೇ ಶತಮಾನದ ನಡುವಿಗೆ ಈ ಐದೂ ತುಂಬಿ ಹೋದವು. ನೀರು, ಚರಂಡಿ, ಬೀದಿದೀಪಗಳ ಜೊತೆಗೆ ಹೆಣದ ಜಾಗವೂ ಪಾಲಿಕೆಯ ತಲೆನೋವಾಯಿತು. 1863ರಲ್ಲಿ ವಿಯೆನ್ನಾ ನಗರಪಾಲಿಕೆ ಒಂದು ತೀರ್ಮಾನಕ್ಕೆ ಬಂತು: ಚಿಲ್ಲರೆ ಸ್ಮಶಾನಗಳು ಸಾಕು, ಊರಿಗೆಲ್ಲ ಸೇರಿ ಒಂದೇ ದೊಡ್ಡ ಸ್ಮಶಾನ ಬೇಕು. ಜಾಗ ಸಿಕ್ಕಿದ್ದು ಆಗ್ನೇಯಕ್ಕೆ, ಸಿಮ್ಮರಿಂಗ್ ಕಡೆಯ ಬಯಲಿನಲ್ಲಿ. ಅಗೆಯಲು ಸಲೀಸಾದ ಮಣ್ಣು, ಸಮತಟ್ಟು ನೆಲ, ಒಂದೇ ತೊಂದರೆ ಎಂದರೆ ಅದು ಆಗ ವಿಯೆನ್ನಾ ಗಡಿಯೊಳಗೇ ಇರಲಿಲ್ಲ. ಸಿಮ್ಮರಿಂಗ್ ನಗರಕ್ಕೆ ಸೇರಿದ್ದು 1892ರಲ್ಲಿ. ಅಂದರೆ ಸತ್ತವರು ಮೊದಲು ಹೋಗಿ ನೆಲೆ ನಿಂತರು, ಊರು ಅವರನ್ನು ಹಿಂಬಾಲಿಸಿತು. ವಿನ್ಯಾಸದ ಸ್ಪರ್ಧೆಯಲ್ಲಿ ಗೆದ್ದವರು ಫ್ರಾಂಕ್‌ಫರ್ಟ್‌ನ ವಾಸ್ತುಶಿಲ್ಪಿಗಳಾದ ಮೀಲಿಯುಸ್ ಮತ್ತು ಬ್ಲುಂಟ್ಶ್ಲಿ.

ವಿಸ್ತಾರದ ಹಿಂದಿದ್ದದ್ದು ಸಾಮ್ರಾಜ್ಯದ ಠೇಂಕಾರ. ಇಪ್ಪತ್ತನೇ ಶತಮಾನದ ಕೊನೆಗೆ ವಿಯೆನ್ನಾ ನಲವತ್ತು ಲಕ್ಷ ಜನರ ರಾಜಧಾನಿ ಆಗಿರುತ್ತದೆಂದು ಪಾಲಿಕೆ ನಂಬಿತ್ತು. 1918ರಲ್ಲಿ ಸಾಮ್ರಾಜ್ಯವೇ ಮಣ್ಣಾಯಿತು. ಊರಿನ ಜನಸಂಖ್ಯೆ ಇವತ್ತಿಗೂ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿದೆ. ಹಲವು ಸಲ ಹಿಗ್ಗಿದ ಸ್ಮಶಾನ ಈಗ ಸುಮಾರು 600 ಎಕರೆ, ಸಮಾಧಿಗಳು 3,30,000, ಮಣ್ಣಾದವರು ಸುಮಾರು ಮೂವತ್ತು ಲಕ್ಷ. ಬದುಕಿರುವ ವಿಯೆನ್ನಾಕ್ಕಿಂತ ಸತ್ತ ವಿಯೆನ್ನಾ ದೊಡ್ಡದು. ಒಳಗೆ ಓಡಾಡಲು ಸಿಟಿ ಬಸ್ಸೇ ಇದೆ.

ಆರಂಭ ಮಾತ್ರ ಜಗಳದಿಂದ. ಪಾಲಿಕೆಯ ಸ್ವಂತ ಸ್ಮಶಾನ ಅಂದಮೇಲೆ ಎಲ್ಲ ಮತದವರಿಗೂ ಬಾಗಿಲು ತೆರೆದಿರಬೇಕು ಎಂದು ಆಗಿನ ಉದಾರವಾದಿ ಪಾಲಿಕೆ ಹಟ ಹಿಡಿಯಿತು. ಕ್ಯಾಥೊಲಿಕರು ಕೆರಳಿದರು. ಯಹೂದಿ, ಪ್ರಾಟೆಸ್ಟೆಂಟರ ಜೊತೆ ಒಂದೇ ಬೇಲಿಯೊಳಗೆ ಮಲಗುವುದು ಹೇಗೆ? ಮೇಯರ್ ಕಯೆಟಾನ್ ಫೆಲ್ಡರ್ ಮತ್ತು ಕಾರ್ಡಿನಲ್ ರೌಷರ್ ಕೊನೆಗೆ ಜಾಣತನದ ದಾರಿ ಹಿಡಿದರು. 1874ರ ಅಕ್ಟೋಬರ್ 30ರ ಬೆಳಗ್ಗೆ ಗದ್ದಲವೇಳುವ ಮುಂಚೆಯೇ ಸದ್ದಿಲ್ಲದೆ ಪವಿತ್ರೀಕರಣ ಮುಗಿಸಿಬಿಟ್ಟರು. ನವೆಂಬರ್ 1, ಸಕಲ ಸಂತರ ಹಬ್ಬದ ದಿನ, ಮೊದಲ ಸಂಸ್ಕಾರ ನಡೆಯಿತು. ಮೊದಲು ಮಣ್ಣಾದವನ ಹೆಸರು ಯಾಕೊಬ್ ಝೆಲ್ಜರ್. ಅದೇ ದಿನ ಅವನ ಹಿಂದೆ ಇನ್ನೂ ಹದಿಮೂರು ಮಂದಿ. ಝೆಲ್ಜರ್‌ನ ಸಮಾಧಿ ಕಾಂಪೌಂಡ್ ಗೋಡೆಯ ಬಳಿ ಇವತ್ತಿಗೂ ಇದೆ.

ಜನ ಬರಲೊಲ್ಲರು. ದೂರ, ಮರಗಿಡವಿಲ್ಲದ ಬಟ್ಟಬಯಲು, ಚಳಿಗಾಲದ ಗಾಳಿ ಬೇರೆ. ಸಿಮ್ಮರಿಂಗ್ ಹೆದ್ದಾರಿಯ ಎರಡೂ ಬದಿಯ ಮನೆಯವರಿಗೆ ಬೆಳಗಿನಿಂದ ಸಂಜೆಯವರೆಗೆ ಶವದ ಗಾಡಿಗಳ ಸಾಲೇ ದರ್ಶನ. ಹಿಮ ಬಿದ್ದು ಗಾಡಿ ಹೂತುಕೊಂಡರಂತೂ ದೇವರೇ ಗತಿ. ಇದಕ್ಕೆ ಪರಿಹಾರವಾಗಿ ಎಂಜಿನಿಯರ್ ಫ್ರಾಂಜ್ ಫೆಲ್ಬಿಂಗರ್ ಮತ್ತು ವಾಸ್ತುಶಿಲ್ಪಿ ಯೋಸೆಫ್ ಹುಡೆಟ್ಜ್ 1874ರಲ್ಲಿ ಮುಂದಿಟ್ಟ ಯೋಜನೆ ನನಗೆ ಬಲು ಇಷ್ಟ: ಊರಿನ ಅಂಚಿನಲ್ಲೊಂದು ಸಂಸ್ಕಾರ ಮಂಟಪ, ಅಲ್ಲಿಂದ ಸ್ಮಶಾನದವರೆಗೆ ನೆಲದಡಿ ಕೊಳವೆ, ಕೊಳವೆಯೊಳಗೆ ಗಾಳಿಯ ಒತ್ತಡದಿಂದ ಓಡುವ ಶವಪೆಟ್ಟಿಗೆಗಳು. ತಮಾಷೆ ಅಂದುಕೊಳ್ಳಬೇಡಿ. ಇದೇ ಫೆಲ್ಬಿಂಗರ್ ದುಡಿದ ವಿಯೆನ್ನಾದ ವಾಯುಚಾಲಿತ ಅಂಚೆ 1875ರಲ್ಲಿ ಶುರುವಾಗಿ ದಶಕಗಟ್ಟಲೆ ಕಾಗದಪತ್ರ ಸಾಗಿಸಿತು. ಕಾಗದಕ್ಕೆ ಒಗ್ಗಿದ್ದು ಹೆಣಕ್ಕೆ ಒಗ್ಗಲಿಲ್ಲ, ಯೋಜನೆ ನಕ್ಷೆಯಲ್ಲೇ ಉಳಿಯಿತು. ಮುಂದೆ ಮೊದಲ ಮಹಾಯುದ್ಧದ ಕೊನೆಯ ವರ್ಷ, ಕುದುರೆಗಳಿಗೆ ಬರ ಬಂದಾಗ, ಪಾಲಿಕೆ ಟ್ರಾಮ್ ಗಾಡಿಯಲ್ಲೇ ಶವ ಸಾಗಿಸಿದ್ದುಂಟು. ಸ್ಮಶಾನದ ಬಾಗಿಲಿಗೆ ಹೋಗುವ ಟ್ರಾಮಿನ ನಂಬರ್ 71. ವಿಯೆನ್ನಾದವರು ಯಾರಾದರೂ ತೀರಿಕೊಂಡರೆ ‘71 ಹತ್ತಿದ’ ಎನ್ನುತ್ತಾರೆ, ನಮ್ಮಲ್ಲಿ ‘ಟಿಕೆಟ್ ತಗೊಂಡ’ ಅಂದ ಹಾಗೆ.

ಜನ ಬಾರದಿದ್ದರೆ ಅರಸನ ಹಾಗೆ ಆಜ್ಞೆ ಹೊರಡಿಸಬಹುದಿತ್ತು. ಪಾಲಿಕೆ ಅದಕ್ಕಿಂತ ಚುರುಕು. ಜನಕ್ಕೆ ಒಳ್ಳೆಯ ನೆರೆಹೊರೆ ಬೇಕು ತಾನೆ? 1881ರಲ್ಲಿ ಗೌರವ ಸಮಾಧಿಗಳ ಯೋಜನೆ ಮಂಜೂರಾಯಿತು. ಹೆಸರಾಂತರನ್ನು ಹಳೆಯ ಸ್ಮಶಾನಗಳಿಂದ ಅಗೆದು ತಂದು ಇಲ್ಲಿ ಪಾಲಿಕೆಯ ಖರ್ಚಿನಲ್ಲಿ ಮಲಗಿಸುವುದು. 1888ರ ಜೂನ್‌ನಲ್ಲಿ ವೇರಿಂಗ್‌ನಿಂದ ಬೀಥೋವನ್ ಬಂದ, ಸೆಪ್ಟೆಂಬರಿನಲ್ಲಿ ಶೂಬರ್ಟ್. ಇವರಿಬ್ಬರನ್ನೂ 1863ರಲ್ಲಿ ಒಮ್ಮೆ ಹೊರತೆಗೆದು ಪರೀಕ್ಷಿಸಿ ಮತ್ತೆ ಹೂತಿದ್ದರು. ಸತ್ತ ಮೇಲೂ ಪಾಪ, ನೆಮ್ಮದಿ ಇಲ್ಲ. ಮೊಜಾರ್ಟ್‌ನ ಮೂಳೆ ಸಿಗುವಂತಿರಲಿಲ್ಲವಾದ್ದರಿಂದ ಸೇಂಟ್ ಮಾರ್ಕ್ಸ್‌ನಲ್ಲಿ 1859ರಲ್ಲಿ ನಿಲ್ಲಿಸಿದ್ದ ಸ್ಮಾರಕವನ್ನೇ ಅವನ ನೂರನೇ ಪುಣ್ಯತಿಥಿಯ ವರ್ಷ, 1891ರಲ್ಲಿ, ಕಿತ್ತು ತಂದು ಇಬ್ಬರ ನಡುವೆ ಇಟ್ಟರು. ಖಾಲಿಯಾದ ಸೇಂಟ್ ಮಾರ್ಕ್ಸ್‌ನಲ್ಲಿ ಅಲ್ಲಿನ ಕಾವಲುಗಾರ ಇತರ ಸಮಾಧಿಗಳ ಉಳಿಕೆ ತುಂಡುಗಳನ್ನು ಜೋಡಿಸಿ ಒಂದು ಗುರುತು ಮಾಡಿದ. ತುಂಡಾದ ಕಂಬ, ಅದಕ್ಕೊರಗಿದ ದುಃಖದ ದೇವಶಿಶು. ಪಾಲಿಕೆಯ ಭವ್ಯ ಸ್ಮಾರಕಕ್ಕಿಂತ ಆ ಬಡ ಜೋಡಣೆಯೇ ನನ್ನ ಕಣ್ಣಿಗೆ ಮೇಲು.

ಉಪಾಯ ಫಲಿಸಿತು. 1897ರಲ್ಲಿ ಬ್ರಾಹ್ಮ್ಸ್, 1899ರಲ್ಲಿ ವಾಲ್ಟ್ಜ್ ದೊರೆ ಯೋಹಾನ್ ಸ್ಟ್ರೌಸ್ ತೀರಿಕೊಂಡಾಗ ಅದೇ ಬಡಾವಣೆಯಲ್ಲಿ ಜಾಗ ಸಿಕ್ಕಿತು. ಮೊಜಾರ್ಟ್‌ಗೆ ವಿಷವಿಟ್ಟನೆಂಬ ಸುಳ್ಳು ಅಪವಾದ ಹೊತ್ತ ಸಾಲಿಯೇರಿಯೂ ಮಾಟ್ಜ್‌ಲೈನ್ಸ್‌ಡಾರ್ಫ್‌ನಿಂದ ಬಂದು ಗೋಡೆಯ ಪಕ್ಕ ಮಲಗಿದ್ದಾನೆ. ಸಂಗೀತಗಾರರದೇ ಸಂತೆ ಎಂದುಕೊಳ್ಳಬೇಕಾಗಿಲ್ಲ. ಭೌತವಿಜ್ಞಾನಿ ಲುಡ್ವಿಗ್ ಬೋಲ್ಟ್ಸ್‌ಮನ್‌ನ ಸಮಾಧಿಯ ಅಮೃತಶಿಲೆಯ ಮೇಲೆ, ಅವನ ಗಡ್ಡದ ಪ್ರತಿಮೆಯ ತಲೆಯ ಮೇಲ್ಗಡೆ, ಎಂಟ್ರೊಪಿಯ ಸೂತ್ರ ಕೆತ್ತಿದ್ದಾರೆ. ಚೊಕ್ಕವಾಗಿ ಜೋಡಿಸಿಟ್ಟದ್ದೆಲ್ಲ ಚೆಲ್ಲಾಪಿಲ್ಲಿಯಾಗುವುದೇ ಸಹಜ ಎಂಬುದನ್ನು ಲೆಕ್ಕದಲ್ಲಿ ಹಿಡಿದ ಸೂತ್ರ. ಸ್ಮಶಾನಕ್ಕೆ ಇದಕ್ಕಿಂತ ಒಪ್ಪುವ ಬರಹ ಇನ್ಯಾವುದು? 1998ರಲ್ಲಿ ಅಪಘಾತದಲ್ಲಿ ಸತ್ತ ಪಾಪ್ ಗಾಯಕ ಫಾಲ್ಕೊ, 2000ದಲ್ಲಿ ಅಮೆರಿಕದಲ್ಲಿ ತೀರಿಕೊಂಡು 2014ರಲ್ಲಿ ಇಲ್ಲಿ ಗೌರವ ಸಮಾಧಿ ಪಡೆದ ನಟಿ ಹೆಡಿ ಲಮಾರ್, ಎಲ್ಲರೂ ಇದ್ದಾರೆ.

ವಿಯೆನ್ನಾದವರಿಗೆ ಅದ್ದೂರಿ ಶವಯಾತ್ರೆಯ ಹುಚ್ಚು ಹಳೆಯದು. ಕುದುರೆಗೆ ಕರಿ ತುರಾಯಿ, ಪಂಜು ಹಿಡಿದ ಆಳುಗಳು, ಬೀದಿಯಲ್ಲಿ ನೋಡುವವರ ನೂಕುನುಗ್ಗಲು. ಸಾಲ ಮಾಡಿಯಾದರೂ ಈ ದರ್ಬಾರು ನಡೆಸುವವರಿದ್ದರು, ಮದುವೆಗೆ ಸಾಲ ಮಾಡುವ ನಮಗೆ ಇದೇನೂ ಹೊಸದಲ್ಲ. ಖಾಸಗಿ ಕಂಪನಿಗಳು ಸಾವಿನ ಮನೆಯ ಬಾಗಿಲಲ್ಲೇ ಗಿರಾಕಿಗಾಗಿ ಕಿತ್ತಾಡುತ್ತಿದ್ದವು. 1907ರಲ್ಲಿ ಪಾಲಿಕೆ ಇವುಗಳಲ್ಲಿ ದೊಡ್ಡವೆರಡನ್ನು ಕೊಂಡು ತನ್ನದೇ ಶವಸಂಸ್ಕಾರ ಇಲಾಖೆ ತೆರೆಯಿತು. ಆಗ ಮೇಯರ್ ಆಗಿದ್ದವರು ಕಾರ್ಲ್ ಲ್ಯೂಗರ್: ಗ್ಯಾಸ್, ಟ್ರಾಮುಗಳನ್ನೂ ಪಾಲಿಕೆಯ ವಶಕ್ಕೆ ತಂದ ಗಟ್ಟಿಗ, ಜೊತೆಗೆ ಯಹೂದಿ ದ್ವೇಷವನ್ನು ಓಟಿನ ಬಂಡವಾಳ ಮಾಡಿಕೊಂಡ ರಾಜಕಾರಣಿ. ಸ್ಮಶಾನದ ನಡುವಿನ ದೊಡ್ಡ ಗುಮ್ಮಟದ ಚರ್ಚ್ ವಾಸ್ತುಶಿಲ್ಪಿ ಮಾಕ್ಸ್ ಹೆಗೆಲೆಯ ಕೃತಿ, 1908ರಿಂದ 1911ರ ನಡುವೆ ಎದ್ದದ್ದು. ಅದರ ನೆಲಮಾಳಿಗೆಯಲ್ಲಿ ಮಲಗಿರುವುದು ಇದೇ ಲ್ಯೂಗರ್.

ಸುಡುವುದು ವಾಡಿಕೆಯಾಗಿರುವ ನಮಗೆ ತೀರಾ ವಿಚಿತ್ರವೆನಿಸುವ ಕಥೆ ಇರುವುದು ರಸ್ತೆಯ ಎದುರು ಬದಿಯಲ್ಲಿ. ಹೆಣ ಸುಡುವುದು ಕ್ಯಾಥೊಲಿಕ್ ಆಸ್ಟ್ರಿಯಾದಲ್ಲಿ ಪಾಪ. ದಹನವೇ ಬೇಕೆಂದವರ ಶವ ರೈಲು ಹತ್ತಿ ಜರ್ಮನಿಯ ಗೋಥಾಕ್ಕೆ ಹೋಗಬೇಕಿತ್ತು. ಶಾಂತಿ ನೊಬೆಲ್ ಪಡೆದ ಬೆರ್ಥಾ ಫಾನ್ ಸುಟ್ನರ್ 1914ರಲ್ಲಿ ಬೂದಿಯಾದದ್ದು ಅಲ್ಲೇ. ಯುದ್ಧದ ನಂತರ ಪಾಲಿಕೆ ಸಮಾಜವಾದಿಗಳ ಕೈಗೆ ಬಂತು. ಬಡವನಿಗೂ ಕಡಿಮೆ ಖರ್ಚಿನಲ್ಲಿ ಮರ್ಯಾದೆಯ ಅಂತ್ಯ ಎಂಬ ಮಾತು ಮುಂದಿಟ್ಟು ಅವರು ಚಿತಾಗಾರ ಕಟ್ಟಿಸಿದರು. ವಿನ್ಯಾಸ ಕ್ಲೆಮೆನ್ಸ್ ಹೋಲ್ಜ್‌ಮೈಸ್ಟರ್‌ದು, ಕೋಟೆಯನ್ನು ನೆನಪಿಸುವ ಕಟ್ಟಡ. 1922ರ ಡಿಸೆಂಬರ್ 17ರಂದು ಉದ್ಘಾಟನೆ ಎಂದು ಗೊತ್ತಾಗಿದ್ದಾಗ ಕೇಂದ್ರದ ಸಚಿವ ರಿಚರ್ಡ್ ಶ್ಮಿಟ್ಜ್ ತಡೆಯಾಜ್ಞೆ ಕಳಿಸಿದ. ಮೇಯರ್ ಯಾಕೊಬ್ ರಾಯ್ಮನ್ ಅದನ್ನು ಕಿವಿಗೆ ಹಾಕಿಕೊಳ್ಳದೆ ಬಾಗಿಲು ತೆರೆದರು. ಸರ್ಕಾರ ಮೇಯರ್ ಮೇಲೆ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ರಾಯ್ಮನ್ ಪರ ಬಂತು. 1925ರಲ್ಲಿ ತೀರಿಕೊಂಡ ಅವರ ಬೂದಿಯೂ ಅದೇ ಆವರಣದಲ್ಲಿದೆ. ವ್ಯಾಟಿಕನ್ ದಹನಕ್ಕೆ ಒಪ್ಪಿದ್ದು 1963ರಲ್ಲಿ. ಒಂದು ಚಿತಾಗಾರಕ್ಕಾಗಿ ನಗರವೂ ಸರ್ಕಾರವೂ ಕೋರ್ಟು ಹತ್ತಿದ್ದನ್ನು ಓದುವಾಗ, ನಮ್ಮ ಊರುಗಳಲ್ಲಿ ವಿದ್ಯುತ್ ಚಿತಾಗಾರ ಕೆಟ್ಟು ನಿಂತರೂ ಯಾರೂ ಕೇಳುವುದಿಲ್ಲವಲ್ಲ ಎನಿಸದೆ ಇರದು.

ಈಗ ಈ ಸ್ಮಶಾನವೂ ಸೇರಿ ವಿಯೆನ್ನಾದ 46 ಸ್ಮಶಾನಗಳನ್ನು ನೋಡಿಕೊಳ್ಳುವುದು ನಗರದ ಒಡೆತನದ್ದೇ ಆದ ಒಂದು ಕಂಪನಿ. ಸಮಾಧಿ ಇಲ್ಲಿ ಸ್ವಂತ ಆಸ್ತಿಯಲ್ಲ, ಬಾಡಿಗೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಮಕ್ಕಳು ಮೊಮ್ಮಕ್ಕಳು ಕಟ್ಟದೆ ಬಿಟ್ಟರೆ ಜಾಗ ಇನ್ನೊಬ್ಬರಿಗೆ. ‘ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ’ ಎಂಬ ಗಾದೆ ನಮ್ಮದು. ಇಲ್ಲಿ ಕಾಡೂ ಬಾಡಿಗೆ ಕೇಳುತ್ತದೆ.

ಈ ಬಾಡಿಗೆಯ ಕಟ್ಟಳೆ ನಡೆಯದ ಜಾಗ ಯಹೂದಿಗಳದು. ಅವರ ಧರ್ಮದಲ್ಲಿ ಸಮಾಧಿಯನ್ನು ಕದಲಿಸುವಂತಿಲ್ಲ, ಅದು ಶಾಶ್ವತ. ಒಂದನೇ ಬಾಗಿಲ ಬಳಿಯ ಹಳೆಯ ಯಹೂದಿ ಭಾಗಕ್ಕೆ ಕಾಲಿಟ್ಟರೆ ಅಚ್ಚುಕಟ್ಟಾದ ಹಾದಿಗಳು ಮುಗಿದು ಐವಿ ಬಳ್ಳಿ, ವಾಲಿದ ಕಲ್ಲು, ನಡುವೆ ಮೇಯುವ ಜಿಂಕೆಗಳು. ಸ್ಮಶಾನದಲ್ಲಿ ಕಾಡು ಹ್ಯಾಮ್‌ಸ್ಟರ್‌ಗಳೂ ಇವೆ. ಇಲಿಯ ಜಾತಿಯ ಈ ದಪ್ಪ ಕೆನ್ನೆಯ ಪ್ರಾಣಿ ಸಮಾಧಿಯ ಮೇಲಿನ ದೀಪದ ಗಾಜಿನೊಳಕ್ಕೆ ತಲೆ ತೂರಿಸಿ ಮೇಣವನ್ನು ಕಚ್ಚಿ ತಿನ್ನುತ್ತದೆ. ಛಾಯಾಗ್ರಾಹಕರಿಗೆ ಅದೊಂದು ಮೋಜು. ಆದರೆ ಯಹೂದಿ ಭಾಗದ ಆ ಕಾಡು ತಾನಾಗಿ ಬೆಳೆದದ್ದಲ್ಲ. ನಾಟಕಕಾರ ಆರ್ಥರ್ ಶ್ನಿಟ್ಸ್‌ಲರ್ ಮಲಗಿರುವ ಈ ಜಾಗದ ಮೇಲೆ 1938ರ ನವೆಂಬರಿನಲ್ಲಿ ನಾಜಿಗಳು ದಾಳಿ ಮಾಡಿ ಸಂಸ್ಕಾರ ಮಂಟಪವನ್ನೇ ಹಾಳುಗೆಡವಿದರು. ಮುಂದಿನ ವರ್ಷಗಳಲ್ಲಿ ಆಸ್ಟ್ರಿಯಾದ 65,000ದಷ್ಟು ಯಹೂದಿಗಳ ಕೊಲೆಯಾಯಿತು, ಉಳಿದವರಲ್ಲಿ ಬಹುಪಾಲು ಜನ ದೇಶ ಬಿಟ್ಟರು. ತಾತನ ಕಲ್ಲಿನ ಸುತ್ತ ಕಳೆ ಕೀಳಲು ಮೊಮ್ಮಕ್ಕಳೇ ಉಳಿಯಲಿಲ್ಲ.

ಯಾರ ಖರ್ಚಿನಲ್ಲಿ ದುರಸ್ತಿ ಎಂಬ ಪ್ರಶ್ನೆ ದಶಕಗಳ ಕಾಲ ಕೇಂದ್ರ, ನಗರ, ಯಹೂದಿ ಸಮುದಾಯಗಳ ನಡುವೆ ತಿರುಗಿತು. 2001ರ ವಾಷಿಂಗ್ಟನ್ ಒಪ್ಪಂದದಲ್ಲಿ ಆಸ್ಟ್ರಿಯಾ ಸರ್ಕಾರ ಯಹೂದಿ ಸ್ಮಶಾನಗಳ ಹೊಣೆ ಒಪ್ಪಿಕೊಂಡಿತಾದರೂ ಅದಕ್ಕೆಂದು ನಿಧಿಯ ಕಾನೂನು ಬಂದದ್ದು 2010ರಲ್ಲಿ. ಅದರಲ್ಲೂ ಒಂದು ಷರತ್ತಿದೆ. ದುರಸ್ತಿಗೆ ಕೇಂದ್ರದ ಹಣ ಬೇಕಾದರೆ, ದುರಸ್ತಿ ಮುಗಿದ ಮೇಲೆ ಕನಿಷ್ಠ 20 ವರ್ಷ ಆ ಸ್ಮಶಾನವನ್ನು ನೋಡಿಕೊಳ್ಳುತ್ತೇವೆಂದು ಆಯಾ ಊರಿನ ಪಾಲಿಕೆ ಬರೆದುಕೊಡಬೇಕು.