ಕೆಸರಲ್ಲಿ ಹೂತ ಜೀಪಿಗೆ ಗಟ್ಟಿ ಕೊಕ್ಕೆ

ಮಲೆನಾಡಿನಲ್ಲಿ ಜೀಪು ಇಟ್ಟುಕೊಂಡವರ ಮನೆಯಲ್ಲಿ ಜುಲೈ ಬಂತೆಂದರೆ ಒಂದು ಫೋನ್ ಬಾರದೆ ಇರೋದಿಲ್ಲ: "ಗಾಡಿ ಹೂತಿದೆ, ಹಗ್ಗ ತಗೊಂಡು ಬನ್ನಿ ಮಾರಾಯ್ರೆ." ಫೋರ್ ವೀಲ್ ಡ್ರೈವ್ ಅಂತ ಧೈರ್ಯ ಮಾಡಿ ತೋಟದ ರಸ್ತೆಗೆ ಇಳಿಸೋದು, ಆಮೇಲೆ ಆಕ್ಸಲ್‌ವರೆಗೆ ಕೆಸರಲ್ಲಿ ಕೂತ ಗಾಡಿಯನ್ನು ಪಕ್ಕದ ತೋಟದವರ ಟ್ರ್ಯಾಕ್ಟರಿಗೆ ಕಟ್ಟೋದು. ನಮ್ಮದೂ ಇದೇ ಕಥೆ.

ಎರಡು ಮಳೆಗಾಲದ ಹಿಂದೆ ಹೀಗೆ ಎಳೆಯುವಾಗ ನಮ್ಮ ಜೀಪಿನ ಕೊಕ್ಕೆ ಕಿತ್ತು ಬಂತು. ಮನೆ ಕಟ್ಟುವಾಗ ಉಳಿದಿದ್ದ ಕಬ್ಬಿಣದ ಸರಳನ್ನು ಬಗ್ಗಿಸಿ, ಬಂಪರಿಗೆ ವೆಲ್ಡ್ ಮಾಡಿಸಿದ್ದ ಕೊಕ್ಕೆ ಅದು. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿತ್ತಲ್ಲ, ಕಿತ್ತ ಕೂಡಲೇ ಕೊಕ್ಕೆ ಕವಣೆ ಕಲ್ಲಿನಂತೆ ಹಾರಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಬಗ್ಗಿಸಿತು. ಡ್ರೈವರ್ ಕೂತ ಜಾಗಕ್ಕೂ ಅದಕ್ಕೂ ಒಂದು ಗೇಣು. ತಮಾಷೆ ನೋಡ್ತಾ ನಿಂತಿದ್ದ ಮಗನನ್ನು ಐದು ನಿಮಿಷ ಮೊದಲಷ್ಟೇ ಅವನಮ್ಮ ಬೈದು ಒಳಗೆ ಕರೆದಿದ್ದಳು.

ಮತ್ತೆ ವೆಲ್ಡಿಂಗ್ ಶಾಪಿಗೆ ಹೋಗಿ "ಈ ಸಲ ಇನ್ನೂ ಗಟ್ಟಿ ವೆಲ್ಡ್ ಹಾಕಿಕೊಡಿ" ಅಂದೆ. ಅಲ್ಲಿದ್ದ ಹಿರಿಯರು ನಕ್ಕರು. "ವೆಲ್ಡ್ ಗಟ್ಟಿನೇ ಇರ್ತದೆ ಸಾರ್, ಅದರ ಪಕ್ಕದ ಕಬ್ಬಿಣ ಸೋಲ್ತದೆ." ನಿಜ. ಬಿಸಿ ತಗುಲಿದ ಜಾಗದಲ್ಲಿ ಲೋಹದ ಗುಣ ಬದಲಾಗುತ್ತದೆ, ಬಿರುಕು ಅಲ್ಲಿಂದಲೇ ಶುರು. ಅದಕ್ಕಿಂತ ದೊಡ್ಡ ತಪ್ಪು ಬಂಪರನ್ನು ನಂಬಿದ್ದು. ಎಳೆತ ಬೀಳಬೇಕಾದದ್ದು ಚಾಸಿಯ ಮೇಲೆ. ಲಾರಿಯಲ್ಲಿ ಸಾಗಿಸುವಾಗ ಗಾಡಿ ಕಟ್ಟಿಹಾಕಲು ಕೊಟ್ಟಿರುವ ಸಣ್ಣ ಬಳೆಗಳೂ, ಟ್ರೇಲರ್ ಸಿಕ್ಕಿಸುವ ಗುಂಡೂ ಈ ಕೆಲಸಕ್ಕಲ್ಲ.

ಕೊನೆಗೆ ನಾವು ಮಾಡಿಸಿದ್ದು ಹೀಗೆ. 12 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ, ಚಾಸಿಯ ಎರಡೂ ಬದಿಗೆ ಒಂದೊಂದು. ಚಾಸಿಯಲ್ಲಿ ಮೊದಲೇ ಇದ್ದ ತೂತುಗಳನ್ನೇ ಬಳಸಿ, ಆರಪಾರ ಬೋಲ್ಟು. ಚಾಸಿ ಒಳಗೆ ಟೊಳ್ಳು, ಬೋಲ್ಟು ಬಿಗಿ ಮಾಡಿದರೆ ಡಬ್ಬಿಯ ಹಾಗೆ ಅಪ್ಪಚ್ಚಿಯಾಗುತ್ತದೆ. ಅದಕ್ಕೆ ಪ್ರತಿ ಬೋಲ್ಟಿಗೂ ಒಳಗಡೆ ಒಂದು ಪೈಪಿನ ತುಂಡು, ಆಚೆ ಬದಿಗೆ ಇನ್ನೊಂದು ದಪ್ಪ ಪಟ್ಟಿ. ಬೋಲ್ಟಿನ ತಲೆಯ ಮೇಲೆ 8.8 ಅಂತ ಇರಲೇಬೇಕು. ಅಂಥ 12 ಮಿ.ಮೀ. ಬೋಲ್ಟು ಒಂದು ನೇರ ಎಳೆತದಲ್ಲಿ ಸುಮಾರು 6.8 ಟನ್ನಿಗೆ ತುಂಡಾಗುತ್ತದೆ, ಅಡ್ಡ ಕತ್ತರಿಸುವ ಬಲಕ್ಕಾದರೆ ಸುಮಾರು 4 ಟನ್ನಿಗೇ. ಕೆಸರಲ್ಲಿ ಕೂತ ಗಾಡಿ ತನ್ನ ತೂಕಕ್ಕಿಂತ ಹೆಚ್ಚು ಎಳೆತ ಕೇಳಬಹುದು, ಜಗ್ಗಿ ಎಳೆದರೆ ಇನ್ನೂ ಹೆಚ್ಚು. ಹಾಗಾಗಿ ಒಂದೇ ಬೋಲ್ಟಿನ ಮೇಲೆ ಭಾರ ಹಾಕಬೇಡಿ.

ಪಟ್ಟಿಗೆ ಸಿಕ್ಕಿಸುವ ಶಾಕಲ್ ಮಾತ್ರ ಮನೆಯಲ್ಲಿ ಮಾಡುವ ವಸ್ತುವಲ್ಲ, ಕೊಳ್ಳಿ. 3/4 ಇಂಚಿನದರ ಮೇಲೆ 4.75 ಟನ್ ಅಂತ ಅಚ್ಚು ಒತ್ತಿರುತ್ತದೆ. ಅಚ್ಚಿಲ್ಲದ್ದು ಎಷ್ಟೇ ಹೊಳೆದರೂ ಬೇಡ. ಪಟ್ಟಿಯ ತೂತಿನ ಸುತ್ತ, ಕಡಿಮೆಯೆಂದರೆ ಆ ತೂತಿನ ಅಗಲದಷ್ಟು ಉಕ್ಕು ಉಳಿದಿರಲಿ. ನಮ್ಮ ಮೊದಲ ಪಟ್ಟಿಯನ್ನು ಇದೇ ಕಾರಣಕ್ಕೆ ಗುಜರಿಗೆ ಹಾಕಿದೆವು.

ಇಷ್ಟೆಲ್ಲ ಮಾಡಿದರೂ ಇದು ಯಾರೂ ಪರೀಕ್ಷೆ ಮಾಡಿ ಮುದ್ರೆ ಒತ್ತಿಕೊಟ್ಟ ಕೊಕ್ಕೆಯಲ್ಲ. ನಿಮ್ಮ ಗಾಡಿಗೆಂದೇ ತಯಾರಿಸಿದ್ದು ಸಿಕ್ಕರೆ ದುಡ್ಡು ಹೋದರೂ ಅದನ್ನೇ ತಗೊಳ್ಳಿ ಅಂತ ನಾನು ಹೇಳೋದು. ಹಳೇ ಜೀಪಿಗೆ ಸಿಗದೆ ನಾವು ಈ ದಾರಿ ಹಿಡಿದಿದ್ದು.

ಈಗ ಗಾಡಿ ಹೂತರೆ ಮೊದಲು ಹಾರೆ-ಗುದ್ದಲಿ ಇಳಿಯುತ್ತದೆ. ಚಕ್ರದ ಮುಂದಿನ ಕೆಸರು ತೆಗೆದು, ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅರ್ಧ ಸಲ ಹಗ್ಗವೇ ಬೇಡ. ಬೇಕಾದರೆ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸುತ್ತೇವೆ, ತುಂಡಾದರೂ ಹಾರುವ ವೇಗ ತಗ್ಗಲಿ ಅಂತ. ನೋಡುವವರು ಹಗ್ಗದ ಉದ್ದಕ್ಕಿಂತ ಆಚೆ, ಪಕ್ಕಕ್ಕೆ. ಮಗನಿಗೆ ಜಗಲಿಯೇ ಗತಿ. ದೀಪಾವಳಿ ಹೊತ್ತಿಗೆ ಗಾಡಿ ತೊಳೆದು, ಬೋಲ್ಟು ಸಡಿಲವಾಗಿದೆಯಾ, ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆಯಾ ಅಂತ ಟಾರ್ಚ್ ಬಿಟ್ಟು ನೋಡುವ ಕೆಲಸ ಅವನದು.