ಸಮಾಂತರ ಜೋಡಣೆಯಲ್ಲಿ ವಿದ್ಯುತ್ಪ್ರವಾಹದ ಗಣನೆ

ರೋಧಕಗಳು ಹೆಚ್ಚಿದಷ್ಟೂ ವಿದ್ಯುತ್ಪ್ರವಾಹ ಕುಗ್ಗಬೇಕೆಂಬುದು ಸಹಜವಾದ ಊಹೆ. ಸರಣಿ ಜೋಡಣೆಯಲ್ಲಿ ಅದು ನಿಜವೂ ಹೌದು. ಸಮಾಂತರ ಜೋಡಣೆಯಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಪ್ರತಿಯೊಂದು ರೋಧಕವೂ ಬ್ಯಾಟರಿಯ ಎರಡು ಧ್ರುವಗಳಿಗೆ ನೇರವಾಗಿ ಸೇರಿರುವುದರಿಂದ ಎಲ್ಲ ಕವಲುಗಳ ವಿಭವಾಂತರವೂ ಒಂದೇ.

12 ವೋಲ್ಟಿನ ಬ್ಯಾಟರಿಗೆ 4 ಮತ್ತು 6 ಓಮ್‌ಗಳ ರೋಧಕಗಳನ್ನು ಹೀಗೆ ಜೋಡಿಸಿದರೆ, ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಅವುಗಳಲ್ಲಿ ಕ್ರಮವಾಗಿ 3 ಮತ್ತು 2 ಆಂಪೇರ್ ಹರಿಯುತ್ತದೆ. ಸಂಧಿಯನ್ನು ಸೇರುವ ಪ್ರವಾಹವೂ ಅದನ್ನು ಬಿಡುವ ಪ್ರವಾಹವೂ ಸಮವೆಂಬುದು 1845ರಲ್ಲಿ ಗುಸ್ಟಾವ್ ಕಿರ್ಕಾಫ್ ನಿರೂಪಿಸಿದ ನಿಯಮ. ಆದುದರಿಂದ ಮುಖ್ಯ ತಂತಿಯಲ್ಲಿ 5 ಆಂಪೇರ್. ಒಟ್ಟು ರೋಧ 2.4 ಓಮ್, ಅಂದರೆ ಎರಡರಲ್ಲಿ ಚಿಕ್ಕದಾದ 4 ಓಮ್‌ಗಿಂತಲೂ ಕಡಿಮೆ. ವ್ಯುತ್ಕ್ರಮಗಳನ್ನು ಕೂಡಿಸುವ ಪರಿಚಿತ ಸೂತ್ರವೂ ಇದನ್ನೇ ನೀಡುತ್ತದೆ. ಆದರೆ ಅದನ್ನು ಬರಿದೆ ಬಾಯಿಪಾಠ ಮಾಡಿದವರಿಗೆ ಕವಲುಗಳು ಕಾಣುವುದಿಲ್ಲ.

ರೋಧಗಳನ್ನು ನೇರವಾಗಿ ಕೂಡಿಸಿ 10 ಓಮ್ ಎಂದೆಣಿಸಿದರೆ ದೊರೆಯುವುದು 1.2 ಆಂಪೇರ್. ಈ ತಪ್ಪು ಉತ್ತರಪತ್ರಿಕೆಯಲ್ಲಷ್ಟೇ ಉಳಿಯುವಂಥದಲ್ಲ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಆ ಲೆಕ್ಕವನ್ನು ನಂಬಿ ಆಯ್ದ ತಂತಿ ನಿರೀಕ್ಷೆಯ ಸುಮಾರು 17 ಮಡಿ ಶಾಖವನ್ನು ತಾಳಬೇಕಾಗುತ್ತದೆ. ಮನೆಯ ಉಪಕರಣಗಳ ಜೋಡಣೆಯೂ ಸಮಾಂತರವೇ. 5 ಆಂಪೇರಿನ ಇಸ್ತ್ರಿಪೆಟ್ಟಿಗೆಯೊಡನೆ 10 ಆಂಪೇರಿನ ನೀರಿನ ಹೀಟರನ್ನೂ ಒಂದೇ ತಂತಿಗೆ ಸೇರಿಸಿದರೆ ಎರಡೂ ಎಂದಿನಂತೆಯೇ ಕೆಲಸ ಮಾಡುತ್ತವೆ. 15 ಆಂಪೇರಿನ ಹೊರೆ ಬೀಳುವುದು ಗೋಡೆಯೊಳಗಿನ ಆ ತಂತಿಯ ಮೇಲೆ. ಕವಲೊಡೆಯುವ ಮೊದಲೇ ಫ್ಯೂಸನ್ನು ಇರಿಸುವುದು ಇದೇ ಕಾರಣಕ್ಕೆ.