ಬೇಲಿಯ ಆಚೆಯವರು

ಕ್ಯಾಲಿಫೋರ್ನಿಯದ ಫ್ರೀಮಾಂಟ್ ನಗರದಲ್ಲಿರುವ ನನ್ನ ಅಕ್ಕ ತನ್ನ ಮನೆಯಲ್ಲೇ ಶಿಶುವಿಹಾರ ನಡೆಸಲು ರಾಜ್ಯ ಸರಕಾರದ ಪರವಾನಗಿ ಪಡೆದ ವಾರದಲ್ಲಿ ನಾನು ಅಲ್ಲಿದ್ದೆ. ಸಹಾಯಕಿಯೊಬ್ಬಳಿದ್ದರೆ 12, ಕೆಲವು ಷರತ್ತುಗಳಿಗೆ ಒಳಪಟ್ಟು 14 ಮಕ್ಕಳವರೆಗೆ ನೋಡಿಕೊಳ್ಳಬಹುದಾದ ದೊಡ್ಡ ಪರವಾನಗಿ ಅದು. ಹಿಂದೆ ಆ ರಾಜ್ಯದ ಎಷ್ಟೋ ಊರುಗಳಲ್ಲಿ ಇಂಥ ಮನೆಗೆ ಒಪ್ಪಿಗೆ ಕೊಡುವ ಮುನ್ನ ಸುತ್ತಲಿನ 100 ಅಡಿಯೊಳಗಿನ ಮನೆಯೊಡೆಯರಿಗೆ ತಿಳಿವಳಿಕೆ ಪತ್ರ ಹೋಗುತ್ತಿತ್ತು. ಅವರು ಕೇಳಿದರೆ ವಿಚಾರಣೆಯೂ ಆಗುತ್ತಿತ್ತು. 2019ರಲ್ಲಿ ಅಂಗೀಕೃತವಾಗಿ 2020ರ ಆರಂಭದಿಂದ ಜಾರಿಗೆ ಬಂದ ಶಾಸನವು ಅದನ್ನೆಲ್ಲ ತೆಗೆದುಹಾಕಿ, ಇಂಥ ಮನೆಯೂ ವಾಸದ ಮನೆಯೇ ಎಂದು ಸಾರಿತು. ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ನೆರೆಯವರ ಗಂಟುಮುಖಕ್ಕೆ ಹೆದರಿ ಎಷ್ಟು ಹೆಂಗಸರು ಆಸೆ ಬಿಟ್ಟಿದ್ದರೋ!

“ಹಾಗಾದರೆ ಯಾರಿಗೂ ಹೇಳಬೇಕಾಗಿಲ್ಲವಲ್ಲ, ಅಕ್ಕ?” ಎಂದೆ.

“ಕಾನೂನಿಗೆ ಬೇಕಾಗಿಲ್ಲ ಕಣೋ. ಆದರೆ ಮಗು ಅತ್ತರೆ ಕೇಳಿಸುವುದು ಅವರ ಕಿವಿಗೆ ತಾನೆ?”

ಸಂಜೆ ಕೋಡುಬಳೆಯ ಡಬ್ಬಿಗಳೊಂದಿಗೆ ಹೊರಟೆವು. ಮೂರು ಮನೆಗಳಲ್ಲಿ ನಗುಮುಖ. ನಾಲ್ಕನೆಯದು ಬೇಲಿಗೆ ತಗುಲಿದ ಮನೆ. ಅಲ್ಲಿನ ವೃದ್ಧರು ಬಾಗಿಲನ್ನು ಅರ್ಧವೇ ತೆರೆದರು. ಅವರ ಪತ್ನಿ ಹಾಸಿಗೆ ಹಿಡಿದವರು. ಆಕೆಗೆ ನಿದ್ದೆ ಬರುವುದು ಮಧ್ಯಾಹ್ನ ಒಂದೆರಡು ಗಂಟೆ ಮಾತ್ರ; ಮಂಚವೋ ನಮ್ಮ ಹಿತ್ತಿಲ ಕಡೆಯ ಕಿಟಕಿಯ ಬಳಿ. ಅಕ್ಕ ಪರವಾನಗಿಯ ಮಾತನ್ನೇ ಎತ್ತಲಿಲ್ಲ. ಮಕ್ಕಳನ್ನು ಬೆಳಿಗ್ಗೆ 10ಕ್ಕೆ, ಸಂಜೆ 4ಕ್ಕೆ ಮಾತ್ರ ಹೊರಗೆ ಬಿಡುವೆನೆಂದು ತನ್ನ ಫೋನ್ ಸಂಖ್ಯೆ ಬರೆದುಕೊಟ್ಟಳು. ಅವರು ಆಗಲಿ ಎನ್ನಲಿಲ್ಲ, ಕೂಡದು ಎನ್ನಲೂ ಇಲ್ಲ. ಡಬ್ಬಿ ಮಾತ್ರ ಒಳಗೆ ಹೋಯಿತು.

ಮೊದಲ ಸೋಮವಾರವೇ, ಎರಡು ಗಂಟೆಯ ಹೊತ್ತಿಗೆ, ಹುಡುಗನೊಬ್ಬ ಹಿತ್ತಿಲಿಗೆ ನುಸುಳಿ ಕಿರುಚಿದ. ಅಕ್ಕ ಅವನನ್ನು ಎತ್ತಿಕೊಂಡು ಒಳಗೆ ಬಂದು ಫೋನನ್ನೇ ನೋಡುತ್ತ ನಿಂತಳು. ಕರೆ ಬರಲಿಲ್ಲ. ಸಂಜೆ ಬೇಲಿಯ ಕಂಬದ ಮೇಲೆ ತೊಳೆದ ಡಬ್ಬಿಯಿತ್ತು. ಒಳಗೆ ನಾಲ್ಕು ನಿಂಬೆಹಣ್ಣು.